ಭಜನಾ ಪೆಟ್ಟಿಗೆಗೆ ಗಿಟಾರ್ ಹಚ್ಚಿದ್ದು

ಬನಹಟ್ಟಿಯಲ್ಲಿ ಕಾಲಿಟ್ಟ ಯಾವ ಯಂತ್ರವೂ ಇದುವರೆಗೆ ನನ್ನೆದುರು ಬಾಲ ಬಿಚ್ಚಿದ್ದಿಲ್ಲ. ಮಗ್ಗದ ಮೋಟರು ನನ್ನ ಕೆಮ್ಮು ಕೇಳಿದರೆ ತಾನಾಗಿಯೇ ತಿರುಗುತ್ತಿತ್ತು. ಕೆಟ್ಟುನಿಂತ ಫ್ಯಾನಿಗೆ ನಾನು ಕೈ ಹಚ್ಚುವುದೇ ಬೇಡ, ಅದರ ಕೆಳಗೆ ಸ್ಟೂಲು ತಂದಿಟ್ಟರೆ ಸಾಕು, ಹೆದರಿ ಗಾಳಿ ಬಿಡುತ್ತಿತ್ತು. ಇಂಥ ಕೀರ್ತಿಯ ಗೂಳಪ್ಪನಾದ ನಾನು, ಒಂದು ಮಂಗಳವಾರ ಬೆಳಗಿನ ಚಹದ ಹೊತ್ತಿಗೆ, ಮನೆಮಂದಿಯ ಸಮಕ್ಷಮದಲ್ಲಿ ಘೋಷಿಸಿದೆ:

"ಶನಿವಾರದೊಳಗ ಭಜನಾ ಪೆಟ್ಟಿಗಿ ಗಿಟಾರ್ ಪೆಟ್ಟಿಗಿ ಆಗತೈತಿ. ಆಗಲಿಲ್ಲಂದ್ರ ನನ್ನ ಹೆಸರು ಬದಲ ಮಾಡ್ರಿ."

ನನ್ನ ಹೆಂಡತಿ ಅನಸವ್ವ ಬಸಿಯಲ್ಲಿ ಚಹ ಆರಿಸುತ್ತ ಹೇಳಿದಳು: "ಯಾವ ಹೆಸರು ಇಡೂಣು, ಈಗ ಹೇಳಿಬಿಡ್ರಿ. ಆಧಾರ್ ಕಾರ್ಡ್ ತಿದ್ದಸಾಕ ಭಾಳ ದಿನ ಹಿಡೀತಾವ."

ಈ ಪ್ರತಿಜ್ಞೆಗೆ ಕಾರಣ ನನ್ನ ಮೊಮ್ಮಗಳು ಸ್ನೇಹಾ. ಜಮಖಂಡಿಯ ಕಾಲೇಜಿನಲ್ಲಿ ಓದುತ್ತಾಳೆ, ಗಿಟಾರ್ ಬಾರಿಸುತ್ತಾಳೆ. ಅದು ಕರೆಂಟಿನ ಗಿಟಾರ್. ಪೆಟ್ಟಿಗೆಗೆ ಹಚ್ಚದೆ ಬಾರಿಸಿದರೆ ಸೊಳ್ಳೆ ಪರದೆಯ ಆಚೆ ಗುನುಗಿದಷ್ಟೇ ಸದ್ದು. ಶನಿವಾರ ಸಂಜೆ ಕಾಲೇಜಿನ ಗ್ಯಾದರಿಂಗು, ಅಂದರೆ ವಾರ್ಷಿಕೋತ್ಸವ. ಅಲ್ಲಿ ಅವಳು ಒಬ್ಬಳೇ ನಿಂತು ಬಾರಿಸಬೇಕು. ಮೊದಲ ಸಲ, ಎಲ್ಲರ ಮುಂದೆ. ಕಾಲೇಜಿಗೆ ಬರುವ ಡಿಜೆಯವನ ಸೆಟ್ಟಿಗೆ ಹಚ್ಚಿ ನೋಡಿದ್ದಳಂತೆ. ತಗಡಿನ ಡಬ್ಬಿಯಲ್ಲಿ ಕಡಲೆ ಹುರಿದಂತೆ ಕೇಳಿತಂತೆ.

"ಮುತ್ಯಾ, ಹಳೇ ವಾಲ್ವಿನ ಆಂಪ್ಲಿಫೈಯರ್ ಪೆಟ್ಟಿಗಿ ಇರತಾವಲ್ಲ, ಭಜನ್ಯಾಗ ಮೈಕಿಗೆ ಹಚ್ಚತಿದ್ರಲ್ಲ, ಅವನ್ನ ಮಂದಿ ಹುಡುಕ್ಯಾಡಿ ತಂದು ಗಿಟಾರಿಗೆ ಮಾಡಕೋತಾರ. ಆ ಗುಂಗು ಹೊಸಾ ಪೆಟ್ಟಿಗ್ಯಾಗ ಬರೂದಿಲ್ಲ," ಎಂದು ಫೋನಿನಲ್ಲಿ ನಾಲ್ಕಾರು ವಿಡಿಯೋ ತೋರಿಸಿದಳು. "ನಮ್ಮ ಅಟ್ಟದ ಮ್ಯಾಲ ಒಂದು ಐತಿ. ಆದರ ಅದು ಭಜನಾ ಮಂಡಳಿದು. ಶಿದ್ರಾಮಪ್ಪ ಅಜ್ಜಾರನ್ನ ಕೇಳು. ಅವರು ಹೂಂ ಅಂದ್ರ ಅಷ್ಟ ಕೈ ಹಚ್ಚೂದು."

ಶಿದ್ರಾಮಪ್ಪ ನಮ್ಮ ಓಣಿಯ ಭಜನಾ ಮಂಡಳಿಯ ಹಿರಿಯ. ತಾಳ ಹಿಡಿದರೆ ದೇವರೇ ಎದ್ದು ಸರಿಯಾಗಿ ಕೂರಬೇಕು, ಅಂಥ ಶಿಸ್ತಿನ ಮನುಷ್ಯ. ಅವರ ಮುಂದೆ ನಿಂತು, "ನಿಮ್ಮ ಭಜನಾ ಪೆಟ್ಟಿಗಿಗೆ ಗಿಟಾರ್ ಹಚ್ಚತೇನಿ" ಎನ್ನಲು ನನ್ನ ನಾಲಿಗೆ ಒಪ್ಪಲಿಲ್ಲ. ಅದು ತನ್ನಷ್ಟಕ್ಕೆ, "ಪೆಟ್ಟಿಗಿ ಕೆಟ್ಟೈತಿ, ದುರಸ್ತಿ ಮಾಡತೇನ್ರಿ" ಎಂದುಬಿಟ್ಟಿತು. "ಮಾಡಪಾ, ಪಾಪ, ಭಾಳ ವರ್ಷ ಆತು ಮೂಕಾಗಿ," ಎಂದರು ಶಿದ್ರಾಮಪ್ಪ. ಮನೆಗೆ ಬಂದು ಸ್ನೇಹಾಗೆ, "ಹೂಂ ಅಂದಾರ," ಎಂದೆ. ಅವರಿಗೆ ಹೇಳಿದ್ದು ಸುಳ್ಳಲ್ಲ, ಇವಳಿಗೆ ಹೇಳಿದ್ದೂ ಸುಳ್ಳಲ್ಲ. ಸುಳ್ಳು ಇದ್ದದ್ದು ಎರಡರ ನಡುವಿನ ದಾರಿಯಲ್ಲಿ.

ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದೆವು. ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರಾಲಿಯೊಂದನ್ನು ಯಾರೋ ಒತ್ತಿ ಒತ್ತಿ ಪೆಟ್ಟಿಗೆ ಮಾಡಿದ್ದಾರೆ ಎನ್ನಬೇಕು, ಅಷ್ಟು ಭಾರ. ಹಿಂಬದಿಯ ಕೋಣೆಯ ಮೇಜಿನ ಮೇಲಿಟ್ಟಾಗ ಮೇಜು ನನ್ನ ಸೊಂಟದ ಧ್ವನಿಯಲ್ಲಿ ನರಳಿತು. ಒರೆಸಿ ಕರೆಂಟು ಕೊಟ್ಟು ನೋಡಿದರೆ ಗಾಜಿನ ವಾಲ್ವುಗಳು ಒಳಗೊಳಗೇ ಕೆಂಪಾಗಿ ಕಣ್ಣು ಬಿಟ್ಟವು. ಸ್ನೇಹಾ ಹೌಹಾರಿ ಸ್ವಿಚ್ಚು ಆರಿಸಿದಳು.

"ಮುತ್ಯಾ, ಸ್ಪೀಕರ್ ಹಚ್ಚದ ಇದನ್ನ ಚಾಲೂ ಮಾಡಬಾರದು. ಒಳಗಿನ ಟ್ರಾನ್ಸ್‌ಫಾರ್ಮರ್ ಸುಡತೈತಿ. ನೋಡಿಲ್ಲೆ." ಪೆಟ್ಟಿಗೆಯ ಬೆನ್ನಿಗೆ ಸಾಲಾಗಿ ಸ್ಕ್ರೂಗಳಿದ್ದವು. "ಇದು ಕಾಮನ್, ಇದು ಎಂಟು ಓಮಿಂದು. ನಾ ತಂದಿಟ್ಟ ಗಿಟಾರಿನ ಸ್ಪೀಕರಿನ ಎರಡು ವೈರು ಇವೆರಡಕ್ಕ ಅಷ್ಟ ಹಚ್ಚು. ಈ ಕಡೀ ನೂರು ವೋಲ್ಟಿಂದು ಐತಲ್ಲ, ಅದು ದೂರದ ಹಾರ್ನಿಗೆ. ಅದರ ಸುದ್ದಿಗೆ ಹೋಗಬ್ಯಾಡ."

"ನಿನಗ ನಾ ಹೇಳಿಕೊಡಬೇಕೋ, ನನಗ ನೀ ಹೇಳಿಕೊಡತೀಯೋ?"

"ನಾ ಹೇಳತೇನಿ, ನೀ ಕೇಳು," ಎಂದು ಬಸ್ಸಿಗೆ ಓಡಿದಳು.

ಗುರುವಾರ ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಸಿದೆ. ಗಿಟಾರಿನ ಪಿನ್ನಿಗೆ ಹೊಸ ಸಾಕೆಟ್ಟು ಕೂರಿಸಿದೆ. ಸ್ಪೀಕರಿನ ಎರಡು ವೈರನ್ನು ಸ್ನೇಹಾ ಹೇಳಿದ ಎರಡೇ ಸ್ಕ್ರೂಗಳಿಗೆ ಬಿಗಿದೆ. ತಪ್ಪು ಎಳ್ಳಷ್ಟೂ ಇರಲಿಲ್ಲ. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಇವತ್ತು ಈ ಕಥೆ ಹೇಳುತ್ತಿರಲಿಲ್ಲ, ಊರೇ ನನ್ನ ಕಥೆ ಹೇಳುತ್ತಿತ್ತು.

ಆದರೆ ಪೆಟ್ಟಿಗೆಯ ಪಕ್ಕದಲ್ಲೇ, ಕಿಟಕಿಯ ತೂತಿನಿಂದ ಇಳಿದ ಎರಡು ಹಳೆಯ ವೈರುಗಳು ಬಿಡಿಯಾಗಿ ನೇತಾಡುತ್ತಿದ್ದವು. ನೇಕಾರನ ಮುಂದೆ ಎಂದೂ ಇಡಬಾರದ ವಸ್ತು ಎಂದರೆ ಬಿಡಿ ಎಳೆ. ಮಗ್ಗದಲ್ಲಿ ಎಳೆ ಕಡಿದರೆ ನಮ್ಮ ತಲೆ ಲೋಕಾಪುರದಲ್ಲಿದ್ದರೂ ಸರಿ, ಕೈ ತಾನೇ ಹೋಗಿ ತುದಿ ಹುಡುಕಿ ಕೂಡಿಸಿ ಬರುತ್ತದೆ. ಜನ್ಮವಿಡೀ ಹಾಗೆ ಮಾಡಿದ ಕೈ ಇದು. ಒಂದು ಕಡೆ ಎರಡು ತುದಿ ಅನಾಥವಾಗಿವೆ, ಇನ್ನೊಂದು ಕಡೆ ನೂರು ವೋಲ್ಟಿನ ಸ್ಕ್ರೂ ಖಾಲಿ ಇದೆ. ನಾನು ಬೀಡಿ ಹುಡುಕುತ್ತಿದ್ದೆ. ಕೈ ಕೂಡಿಸಿ ಮುಗಿಸಿತ್ತು. ಒಂದು ವೈರು ಕಾಮನ್ನಿಗೆ, ಇನ್ನೊಂದು ನೂರಕ್ಕೆ. ನೋಡಿದರೆ ಎಲ್ಲಿಯೂ ಒಂದು ತುದಿ ಜೋತಾಡುತ್ತಿಲ್ಲ. ಮನಸ್ಸಿಗೆ ಎಷ್ಟು ಸಮಾಧಾನ.

ಆ ವೈರುಗಳು ಎಲ್ಲಿಗೆ ಹೋಗುತ್ತವೆ ಎಂಬುದನ್ನು ಊರಿನಲ್ಲಿ ನನ್ನಷ್ಟು ಬಲ್ಲವರಿಲ್ಲ, ಏಕೆಂದರೆ ಎಳೆದವನೇ ನಾನು. ಹಿಂದೆ ಸೋಮವಾರದ ಭಜನೆ ನಮ್ಮ ಮನೆಯಲ್ಲೇ ನಡೆಯುತ್ತಿತ್ತು. ಓಣಿಯ ಈ ತುದಿಗೊಂದು ಹಾರ್ನು, ಆ ತುದಿಗೊಂದು, ನಡುವೆ ಪಾರಿಸಪ್ಪನ ಬಟ್ಟೆ ಅಂಗಡಿಯ ಮಾಳಿಗೆಯ ಮೇಲೊಂದು. ಈಗ ಅವುಗಳಲ್ಲಿ ಗುಬ್ಬಿಗಳು ಸಂಸಾರ ಹೂಡಿದ್ದವು. ಊರಿಗೇ ಮರೆತಿತ್ತು, ನನಗೂ.

ಗಿಟಾರ್ ಸ್ನೇಹಾಳ ಜೊತೆ ಜಮಖಂಡಿಗೆ ಹೋಗಿತ್ತು. ಹಾಗಾಗಿ ಪೆಟ್ಟಿಗೆಗೆ ಮಂಡಳಿಯ ಹಳೆಯ ಮೈಕನ್ನು ಸಿಕ್ಕಿಸಿ ಅದರ ಕಿವಿ ತಿರುವಿದೆ. "ಹಲೋ" ಎಂದೆ. ಅಯ್ಯೋ, ಆ ಧ್ವನಿಯೇ! ಕೋಣೆ ತುಂಬಿತು, ತುಂಬಿ, ಒಂದು ಕ್ಷಣ ಬಿಟ್ಟು, ಎಲ್ಲಿಂದಲೋ ದೂರದಿಂದ ಇನ್ನೊಮ್ಮೆ "ಹಲೋ" ಎಂದು ತಿರುಗಿ ಬಂತು. ಇದೇ ಇರಬೇಕು ಸ್ನೇಹಾ ಹೇಳಿದ ವಾಲ್ವಿನ ಗುಂಗು ಎಂದುಕೊಂಡೆ. ಅಷ್ಟರಲ್ಲಿ ಕರೆಂಟು ಹೋಯಿತು. ಪೆಟ್ಟಿಗೆ ಇನ್ವರ್ಟರಿನ ಮೇಲಿತ್ತು, ಅದಕ್ಕೆ ಬಾಧೆಯಿಲ್ಲ. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತು, ಸೂಜಿ ಬಿದ್ದರೆ ಕೇಳುವಂತಾಯಿತು. ನನ್ನ ಪೆಟ್ಟಿಗೆಗೆ ಇಷ್ಟು ಮರ್ಯಾದೆ ಕೊಡುವುದು ನ್ಯಾಯವೇ ಅನಿಸಿತು.

ಅನಸವ್ವ ಬಾಗಿಲಲ್ಲಿ ನಿಂತಳು. ಮಗ್ಗದ ಮಂದಿ ನಾವು. ಪಿಸುಮಾತನ್ನೂ ಆಚೆ ಓಣಿಗೆ ಕೇಳುವಂತೆ ಆಡುವ ರೂಢಿ. ಮೈಕು ನಮ್ಮಿಬ್ಬರ ನಡುವೆ ಮೇಜಿನ ಮೇಲೆ ಸುಮ್ಮನೆ ಮಲಗಿತ್ತು.

"ಶಿದ್ರಾಮಪ್ಪಣ್ಣಾರು ಖರೇನ ಹೂಂ ಅಂದಾರೇನ್ರಿ?"

"ದುರಸ್ತಿ ಅಂತ ಹೇಳೇನಿ. ಗಿಟಾರ್ ಅಂತ ಹೇಳಿಲ್ಲ. ಪೆಟ್ಟಿಗಿ ಜಮಖಂಡಿ ಕಂಡಮ್ಯಾಲ ಅವರಿಗೆ ಗೊತ್ತಾದ್ರ ಆತು."

"ಕೂಸಿಗೆ ಸುಳ್ಳು ಹೇಳೀರಿ ಹಂಗಾರ."

"ಕೂಸಿಗಲ್ಲ, ಈ ಪೆಟ್ಟಿಗಿ ಜೀವಾ ಉಳಸೇನಿ. ಆ ಶಿದ್ರಾಮಪ್ಪ ಹಾಡತಿದ್ದನಲ್ಲ, ಸೈಲೆನ್ಸರ್ ಕಿತ್ತ ಟ್ರ್ಯಾಕ್ಟರ್ ಏರಿ ಹತ್ತಿದಂಗ. ಅದನ್ನ ಕೇಳಿ ಕೇಳಿನ ವಾಲ್ವು ಕಣ್ಣು ಮುಚ್ಚಿದ್ವು." ಎಂದು ಶಿದ್ರಾಮಪ್ಪನ ಆಲಾಪವನ್ನು ಮೂಗಿನಿಂದ ಮಾಡಿ ತೋರಿಸಿದೆ. ಗುಂಗು ಅದ್ಭುತವಾಗಿ ತಿರುಗಿ ಬಂತು. ಹುರುಪು ಹೆಚ್ಚಿತು. "ಬಾಜೂಕ ತಾಳಾ ಹಾಕಾಕ ಪಾರಿಸಪ್ಪ. ಅಂಗಡಿ ಸೀರಿ ಒಂದ ನೀರಿಗೆ ಬಣ್ಣಾ ಬಿಡತಾವ, ಅವನ ಮೀಸಿ ಮಾತ್ರ ಎಂಥಾ ಮಳ್ಯಾಗೂ ಬಿಡೂದಿಲ್ಲ."

"ನಿಮ್ಮ ಬಾಯಿ ಸುದ್ದ ಮಾಡಕೊಳ್ರಿ ಮೊದಲ. ಹಲ್ಲಿನ ಸೆಟ್ಟು ಮುಂಜಾನಿಂದ ಗ್ಲಾಸಿನ್ಯಾಗ ನೆನಿಯಾಕತ್ತೈತಿ."

"ಏ, ಗಂಡಸು ಮಾತಾಡುವಾಗ ಎದುರು ಮಾತಾಡಬಾರದು. ಈ ಮನ್ಯಾಗ ನನ್ನ ಮಾತ ನಡಿಯೂದು."

"ಹೌದೇನ್ರಿ? ಒಗಿಯಾಣದ ಬಟ್ಟಿ ಬಕೀಟು ಹಂಗ ಐತಿ."

"ಒಗೀತೇನೇಳು. ಇದೊಂದು ಮುಗೀಲಿ. ಸಿಟ್ಟಾಗಬ್ಯಾಡ."

ಅಷ್ಟರಲ್ಲಿ ಸ್ನೇಹಾ ಬಂದಳು. ಓಡಿ ಬಂದವಳು ಬಾಗಿಲಲ್ಲಿ ನಿಂತುಬಿಟ್ಟಳು. ಹೆಗಲಲ್ಲಿ ಗಿಟಾರ್ ಚೀಲ.

"ಮುತ್ಯಾ, ಮೈಕ್ ಬಂದ್ ಮಾಡು. ಬಸ್ ಸ್ಟ್ಯಾಂಡಿಂದ ಕೇಳಕೋತ ಬಂದೇನಿ. ಓಣ್ಯಾನ ಮಂದಿ ಎಲ್ಲಾ ಕಟ್ಟಿಮ್ಯಾಲ ಕುಂತು ಚಾ ಕುಡಕೋತ ಕೇಳಾಕತ್ತಾರ."

ನನ್ನ ಕಣ್ಣು ಸ್ಕ್ರೂ, ವೈರು, ಕಿಟಕಿಯ ತೂತು ಹೀಗೆ ಒಂದೊಂದನ್ನೇ ದಾಟಿ ಹೊರಗೆ ಹೋಯಿತು. ಕೈ ನೋಡಿಕೊಂಡೆ. ಅದು ಏನೂ ಅರಿಯದಂತೆ ಮಡಿಲಲ್ಲಿ ಕೂತಿತ್ತು.

ಸ್ನೇಹಾ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಅವರು ಹೂಂ ಅಂದಾರ ಅಂದಿದ್ದಿಯಲ್ಲ ಮುತ್ಯಾ," ಎಂದಳು, ಅಷ್ಟೇ. ಚೀಲವನ್ನು ಗೋಡೆಗೆ ಒರಗಿಸಿ ಕೂತಳು. ಶನಿವಾರ ಮುಗಿಯಿತು ಎಂಬಂತಿತ್ತು ಅವಳ ಮುಖ.

ಶಿದ್ರಾಮಪ್ಪ ಬಂದರು. ಹಿಂದೆ ಪಾರಿಸಪ್ಪ, ಮೀಸೆ ಸವರಿಕೊಳ್ಳುತ್ತ. ಅವರ ಹಿಂದೆ ಓಣಿ.

"ಗೂಳಪ್ಪಾ, ದುರಸ್ತಿ ಭಾರಿ ಆಗೇತಿ ಬಿಡು," ಎಂದರು ಶಿದ್ರಾಮಪ್ಪ. "ಒಂದೊಂದು ಅಕ್ಷರ ಸ್ವಚ್ಛ ಕೇಳತು."

ನಾನು ಬಾಯಿ ತೆರೆಯುವ ಮೊದಲೇ ಸ್ನೇಹಾ ಎದ್ದು ಅವರ ಮುಂದೆ ನಿಂತಳು. "ಅಜ್ಜಾರ, ಪೆಟ್ಟಿಗಿ ನಿಮ್ಮದು. ಶನಿವಾರ ಕಾಲೇಜಿನ್ಯಾಗ ನಂದು ಗಿಟಾರ್ ಐತಿ. ಕೊಟ್ಟರ ಇದರಾಗ ಬಾರಸತೇನಿ. ಇಲ್ಲಂದ್ರ ಹಾರ್ನಿಗೆ ಸರಿ ಜೋಡಿಸಿ ನಿಮ್ಮ ಮನಿಗೆ ಮುಟ್ಟಸತೇನಿ."

"ಯವ್ವಾ, ಹಿಂಗ ಬಂದು ಕೇಳಿದ್ದರ ಮಂಗಳವಾರನ ಕೊಡತಿದ್ನಿ," ಎಂದರು ಅವರು. ಆಮೇಲೆ ನನ್ನ ಕಡೆ ತಿರುಗಿದರು. "ಈಗ ಹಂಗ ಕೊಡಾಕ ಬರೂದಿಲ್ಲ. ನನ್ನ ಹಾಡು ಟ್ರ್ಯಾಕ್ಟರ್ ಅಂತ ಊರಿಗೆ ಸಾರಿದಿ. ಖರೆ ಇರಬಹುದು. ಹಂಗಾರ ಛಲೋ ಹಾಡು ಹೆಂಗಿರತೈತಿ, ನೀ ಹಾಡಿ ತೋರಸು. ನಾಳೆ ಸಂಜಿಗೆ, ಇದ ಮೈಕು, ಇವ ಹಾರ್ನು. ಒಂದು ಭಜನಿ ಪದ. ಪೂರ್ತಿ ಮುಗಿಯೂತನಕ ಓಣಿ ಕುಂತು ಕೇಳಿತಂದ್ರ ಪೆಟ್ಟಿಗಿ ಕೂಸಿಗೆ. ಏನಂತೀ ಪಾರಿಸಪ್ಪಾ?"

"ಹಲ್ಲು ಹಾಕ್ಕೊಂಡು ಹಾಡಲಿ ಅಂತೇನಿ," ಎಂದ ಪಾರಿಸಪ್ಪ.

ನಾನು ಒಪ್ಪಿದೆ. ಅಷ್ಟೇ ಅಲ್ಲ, ಒಳಗೊಳಗೆ ಹಿಗ್ಗಿದೆ. ಇಷ್ಟು ವರ್ಷ ಬಚ್ಚಲಲ್ಲಿ ಕೊಳೆಯುತ್ತಿದ್ದ ನನ್ನ ಕಂಠಕ್ಕೆ ಕೊನೆಗೂ ಒಂದು ಓಣಿ ಸಿಕ್ಕಿತಲ್ಲ. ಶುಕ್ರವಾರ ದಿನವಿಡೀ ಬೆಲ್ಲ, ಮೆಣಸು, ಶುಂಠಿ ಅಗಿದೆ. ಸ್ನೇಹಾ ಮಾತ್ರ, "ಮುತ್ಯಾ, ಸಣ್ಣ ಪದ ಹಾಡು. ಭಾಳ ಸಣ್ಣದು," ಎಂದು ಮತ್ತೆ ಮತ್ತೆ ಬೇಡಿಕೊಂಡಳು.

ಸಂಜೆ ಓಣಿಯ ಮಗ್ಗಗಳನ್ನೆಲ್ಲ ಬಂದ್ ಮಾಡಿ ಮಂದಿ ಕಟ್ಟೆಗಳ ಮೇಲೆ ಕೂತರು. ಮೈಕು ನಮ್ಮ ಮನೆಯ ಬಾಗಿಲಿಗೇ ಬಂತು. ಶಿದ್ರಾಮಪ್ಪ ತಾಳ ಹಿಡಿದರು. ಸ್ನೇಹಾ ಪೆಟ್ಟಿಗೆಯ ಪಕ್ಕ ಮುಷ್ಟಿ ಬಿಗಿದು ಕೂತಳು. ನಾನು ಕಣ್ಣು ಮುಚ್ಚಿ, ಹೊಟ್ಟೆಯಿಂದ ಗಾಳಿ ಎಳೆದು, ಮೊದಲ ಸಾಲು ಬಿಟ್ಟೆ.

ಹಾರ್ನುಗಳಿಂದ ಗುಬ್ಬಿಗಳು ಸಂಸಾರ ಸಮೇತ ಹೊರಬಿದ್ದು ತೇರದಾಳದ ದಿಕ್ಕಿಗೆ ಹಾರಿದವು. ಅದನ್ನು ಅಭಿಮಾನವೆಂದೇ ತಿಳಿದು ಎರಡನೆಯ ಸಾಲು ಎತ್ತಿದೆ. ಎಲ್ಲೋ ಒಂದು ಮಗ್ಗ ಟಕ ಟಕ ಎಂದಿತು. ಯಾರೋ ಮರೆತು ಸ್ವಿಚ್ಚು ಒತ್ತಿರಬೇಕು ಎಂದುಕೊಂಡು ಧ್ವನಿ ಏರಿಸಿದೆ. ಇನ್ನೊಂದು ಮಗ್ಗ. ಮತ್ತೊಂದು. ಕಣ್ಣು ತೆರೆದರೆ ಕಟ್ಟೆಗಳು ಖಾಲಿ. ಓಣಿಗೆ ಓಣಿಯೇ ಒಳಗೆ ಹೋಗಿ ಮಗ್ಗ ಚಾಲೂ ಮಾಡಿಕೊಂಡಿತ್ತು. ನನ್ನ ಮಗ ಅರುಣನ ಮಗ್ಗವೂ ಅದರಲ್ಲಿ ಸೇರಿತ್ತು. ಅದರ ಟಕಟಕ ನನಗೆ ಗುರುತು ಸಿಗುತ್ತದೆ.

ಶಿದ್ರಾಮಪ್ಪ ತಾಳ ಕೆಳಗಿಟ್ಟರು. "ಸಾಕೋ ಗೂಳಪ್ಪಾ."

"ಇನ್ನೂ ಪಲ್ಲವಿ ಮುಗದಿಲ್ಲರಿ."

"ಮುಗಸಬ್ಯಾಡ."

ಸ್ನೇಹಾಳ ಮುಖ ನೋಡಲಾಗಲಿಲ್ಲ. ಓಣಿ ಕೂತು ಕೇಳಲಿಲ್ಲ, ಪದ ಮುಗಿಯಲಿಲ್ಲ. ಅವಳು ಮೆಲ್ಲಗೆ ಎದ್ದು ಗಿಟಾರನ್ನು ಚೀಲಕ್ಕೆ ಹಾಕತೊಡಗಿದಳು. ನಾನು ಶಿದ್ರಾಮಪ್ಪನವರ ಮುಂದೆ ಕೈ ಜೋಡಿಸಿದೆ. "ಅಣ್ಣಾರ, ತಪ್ಪು ನಂದು. ಸುಳ್ಳು ನಂದು, ಹಾಡೂ ನಂದು. ಕೂಸಿಂದು ಏನೂ ಇಲ್ಲ. ಬೇಕಂದ್ರ ಇನ್ನೊಂದು ಪದ ಹಾಡತೇನಿ."

ಶಿದ್ರಾಮಪ್ಪ ಗಾಬರಿಯಿಂದ ಎರಡೂ ಕೈ ಮೇಲೆತ್ತಿದರು. "ಬ್ಯಾಡೋ ಮಾರಾಯಾ! ಯವ್ವಾ ಸ್ನೇಹಾ, ಒಯ್ಯಿ. ಪೆಟ್ಟಿಗಿ ಜಮಖಂಡಿಗೆ ಒಯ್ಯಿ. ಗ್ಯಾದರಿಂಗ್ ಮುಗದಮ್ಯಾಲೂ ನಿನ್ನ ಹತ್ತರನ ಇರಲಿ. ಈ ಓಣ್ಯಾಗ ಇದ್ದರ ಇವ ಮತ್ತ ಹಾಡತಾನ."

ಸ್ನೇಹಾ ಚೀಲದ ಜಿಪ್ಪು ಹಾಗೆಯೇ ಬಿಟ್ಟಳು. ಅವರ ಕಾಲು ಮುಟ್ಟಿ, ಗಿಟಾರಿನ ಪಿನ್ನನ್ನು ನಾನು ಕೂರಿಸಿದ ಸಾಕೆಟ್ಟಿಗೆ ಸಿಕ್ಕಿಸಿ, ಒಂದೇ ಒಂದು ತಂತಿ ಮೀಟಿದಳು. ಬೆಚ್ಚಗಿನ, ದುಂಡನೆಯ ಸದ್ದು, ಆಗತಾನೇ ಬೆಲ್ಲದ ಪಾಕ ಎಳೆ ಬಂದಂತೆ. ಇನ್ನೊಂದು ಮೀಟಿದಳು. ಆಮೇಲೆ ನಿಲ್ಲಲಿಲ್ಲ. ಓಣಿಯಲ್ಲಿ ಒಂದು ಮಗ್ಗ ನಿಂತಿತು. ಮತ್ತೊಂದು ನಿಂತಿತು. ಮಂದಿ ಒಬ್ಬೊಬ್ಬರೇ ಹೊರಬಂದು ಕಟ್ಟೆ ಹಿಡಿದರು. ಶಿದ್ರಾಮಪ್ಪನವರ ಬೆರಳು ತಾಳದ ಮೇಲೆ ತಾನೇ ಆಡುತ್ತಿತ್ತು.

ಅವಳು ಮುಗಿಸಿದಾಗ ಕಟ್ಟೆಗಳೆಲ್ಲ ಮತ್ತೆ ತುಂಬಿದ್ದವು. ಆಗ ಅನಸವ್ವ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು, ಮೈಕನ್ನು ಬಾಯಿಗೆ ಹಿಡಿದಳು, ಮೂರೂ ಹಾರ್ನಿನಿಂದ ಬಹಳ ವಿನಯವಾಗಿ ಕೇಳಿದಳು:

"ಶಿದ್ರಾಮಪ್ಪಣ್ಣಾರ, ಇವರು ಅರ್ಧಾ ಪದ ಹಾಡಿದ್ದಕ್ಕ ನೀವು ಪೆಟ್ಟಿಗಿ ಕೊಟ್ಟು ಪಾರಾದ್ರಿ. ನಾ ಲಗ್ನಾ ಆದಾಗಿಂದ ಕೇಳಾಕತ್ತೇನಿ. ನಾ ಏನು ಕೊಟ್ಟು ಪಾರಾಗಲಿ?"