ಮಾವನ ಜೀಪಿಗೆ ಅಳಿಯ ಹಚ್ಚಿದ ತುಕ್ಕು

ಬೈಲಹೊಂಗಲದ ಕಾಲೇಜೊಂದರ ಗ್ರಂಥಪಾಲಕ ವಿಜಯ ಒಂದು ಭಾನುವಾರ ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕೆ ಸರಿಸಿ, ಎದೆ ಸೆಟೆಸಿ, ಯುದ್ಧ ಸಾರುವ ಧಾಟಿಯಲ್ಲಿ ಘೋಷಿಸಿದ: "ಈ ಎಳ್ಳ ಅಮಾಸಿಗೆ ನಿಮ್ಮ ಅಪ್ಪಗ ನಾ ಒಂದು ಜೀಪ ಕೊಡತೇನಿ!"

ಹೆಂಡತಿ ಮೀನಾ ಸೌಟು ಹಿಡಿದೇ ಹೊರಗೆ ಬಂದಳು. "ಅವರ ಕಡೆ ಒಂದು ಜೀಪ ಐತೆಲ್ಲ?"

"ಅದನ್ನ ಕೊಡತೇನಿ."

"ಅವರ ಜೀಪ ಅವರಿಗೇ ಕೊಡತೀರಿ? ಇಂಥಾ ದಾನಶೂರನ್ನ ನಾ ಎಲ್ಲೂ ನೋಡಿಲ್ಲ ಬಿಡ್ರಿ!"

"ಅಂಗೈಯಾಗ ಹಿಡಿಯೂವಷ್ಟು ಸಣ್ಣದು, ಮಾರಾಯ್ತಿ! ಆದ್ರ ಹುಬೇಹೂಬ ಅದs ಜೀಪ. ನಿಮ್ಮ ಅಪ್ಪ ಕೀಲಿ ಹುಡುಕಬೇಕು, ಹಂಗ ಮಾಡತೇನಿ."

ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ, ಉಜ್ಜಿ, ಬಣ್ಣ ಬಳಿದು ಪುಟ್ಟ ಪುಟ್ಟ ವಾಹನ ಕಟ್ಟುವುದು ವಿಜಯನ ಹವ್ಯಾಸ. ಮೀನಾಳ ಪ್ರಕಾರ ರೋಗ. ಷೋಕೇಸಿನಲ್ಲಿ ಸಾಲಾಗಿ ನಿಂತ ಕಾರು, ಲಾರಿಗಳನ್ನು ಕಂಡ ನೆಂಟರೆಲ್ಲ "ಮಕ್ಕಳ ಸಲುವಾಗಿ ತಂದದ್ದಾ?" ಎಂದು ಕೇಳುತ್ತಿದ್ದರು. ಮನೆಯಲ್ಲಿ ಮಕ್ಕಳಿನ್ನೂ ಇರಲಿಲ್ಲವಾದ್ದರಿಂದ ಆ ಪ್ರಶ್ನೆ ಎರಡು ಕಡೆ ಚುಚ್ಚುತ್ತಿತ್ತು.

ನೇಸರಗಿಯ ಮಾವ ಮಹಾಂತಪ್ಪನ ಕಣ್ಣಿಗಂತೂ ಈ ಅಳಿಯ ಬರೀ ಪುಸ್ತಕದ ಹುಳು. ಒಮ್ಮೆ ಜೀಪಿನ ಎಡಗಾಲಿ ಪಂಕ್ಚರ್ ಆದಾಗ ಬಲಗಡೆ ಜ್ಯಾಕ್ ಕೊಟ್ಟು ಎತ್ತಿದ ಮಹಾನುಭಾವ! ಅಂದಿನಿಂದ ಮನೆಯಲ್ಲಿ ಏನೇ ಕೆಲಸ ಬಿದ್ದರೂ ಮಹಾಂತಪ್ಪ, "ಬ್ಯಾಡ ಬಿಡ್ರಿ, ಅಳಿಯಾರು ಓದ್ಯಾರ," ಎಂದು ಬೇರೆಯವರನ್ನು ಕೂಗುತ್ತಿದ್ದ. ಆ "ಓದ್ಯಾರ" ಎಂಬ ಮಾತಿನಲ್ಲಿದ್ದ ಕನಿಕರ ವಿಜಯನಿಗೆ ಸಹಿಸಲಾಗುತ್ತಿರಲಿಲ್ಲ. ಜೀವಮಾನದಲ್ಲಿ ಒಮ್ಮೆಯಾದರೂ ಆ ಬಾಯಿಂದ "ಶಾಬಾಸ್" ಅನ್ನಿಸಿಕೊಳ್ಳಬೇಕು. ಅದಕ್ಕೆ ದಾರಿ ಜೀಪು ಒಂದೇ.

ಯಾಕೆಂದರೆ ಮಹಾಂತಪ್ಪನಿಗೆ ಆ ಹಸಿರು ಜೀಪೆಂದರೆ ಪ್ರಾಣ. ಎಳ್ಳ ಅಮಾವಾಸ್ಯೆಯ ದಿನ ಓಣಿಯ ಹೆಂಗಸರು ಕಡಬು, ಸಜ್ಜೆರೊಟ್ಟಿ, ಎಣ್ಣೆಗಾಯಿ ತುಂಬಿದ ಬುಟ್ಟಿ ಹಿಡಿದು ಹೊಲಕ್ಕೆ ಹೋಗಿ, ಭೂಮಿತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲಿ, ಅಲ್ಲೇ ಉಂಡು ಬರುತ್ತಾರೆ. ಅವರನ್ನು ಕರೆದೊಯ್ಯುವ ಹಕ್ಕು ಮಹಾಂತಪ್ಪನ ಜೀಪಿನದು. ಉಳಿದವರು ಟ್ರ್ಯಾಕ್ಟರ್ ಟ್ರೇಲರುಗಳಲ್ಲಿ ಅದರ ಧೂಳು ಕುಡಿಯುತ್ತ ಹಿಂದೆ ಬರಬೇಕು! ಆ ಒಂದು ದಿನ ಜೀಪು ತುಂಬಿ ತುಳುಕಿದರೆ ಮಹಾಂತಪ್ಪ ಇಡೀ ವರ್ಷ ಮೀಸೆ ಇಳಿಸುತ್ತಿರಲಿಲ್ಲ.

ಮಾದರಿ ಜೀಪಿನ ಮೇಲಿನ ಹಸಿರು ಬಣ್ಣ ಬೇಗ ಮುಗಿಯಿತು. ಆದರೆ ವಿಜಯನ ಚಿತ್ತವೆಲ್ಲ ಕೆಳಗಿತ್ತು.

"ಮ್ಯಾಲಿನ ಬಣ್ಣ ಯಾರರೆ ಹಚ್ಚತಾರ. ಕಲಾವಿದ ಯಾಂವ ಅನ್ನೂದು ಚಾಸಿಯೊಳಗ ಗೊತ್ತಾಗತೈತಿ!"

"ಚಾಸಿ ಅಂದ್ರ?"

"ಗಾಡಿ ತಳ. ಹೊಟ್ಟಿ. ಎಲ್ಲಾ ಭಾರ ಹೊರೂ ಕಬ್ಬಿಣದ ಕಟ್ಟು."

"ಹೊಟ್ಟಿ ಕೆಳಗ ಯಾರ ಬಗ್ಗಿ ನೋಡತಾರ್ರಿ?"

"ಯಾರೂ ನೋಡೂದಿಲ್ಲ. ಅದಕ್ಕ ಅದು ಕಲೆ!"

ಮೀನಾ ಒಳಗೆ ಹೋದಳು. ಇಂಥ ಮಾತಿಗೆ ಉತ್ತರ ಕೊಡುತ್ತ ನಿಂತರೆ ಒಲೆಯ ಮೇಲಿನ ಒಗ್ಗರಣೆ ಸೀಯುತ್ತದೆ.

ಹಳೆಯ ಜೀಪಿನ ತಳ ಹೊಸದರಂತೆ ಮಿಂಚಬಾರದು, ಅದು ಬಾಳಿ ಬದುಕಿ ಬಳಲಿದಂತೆ ಕಾಣಬೇಕು ಎಂದು ವಿಜಯ ತೀರ್ಮಾನಿಸಿದ. ಮೊದಲು ಕಂದು ಬಣ್ಣ. ಅದರ ಮೇಲೆ ನೀರು ಚಿಮುಕಿಸಿ ಉಪ್ಪಿನ ಹರಳು. ಅದರ ಮೇಲೆ ಕಪ್ಪು ಬಣ್ಣ. ಒಣಗಿದ ಮೇಲೆ ಉಪ್ಪನ್ನು ಉದುರಿಸಿದರೆ, ಆಹಾ, ಬಣ್ಣ ಸಿಪ್ಪೆ ಎದ್ದು ಒಳಗಿನ ತುಕ್ಕು ಇಣುಕಿದಂತೆಯೇ! ಆ ದಿನ ಮನೆಯ ಸಾರಿಗೆ ಉಪ್ಪಿರಲಿಲ್ಲ ಎಂಬುದು ಬೇರೆ ಮಾತು. ಆಮೇಲೆ ನೇಸರಗಿ ರಸ್ತೆಯಿಂದಲೇ ಎರೆಮಣ್ಣು ತಂದು, ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಗಾಲಿಗಳ ಸಂದಿಗೆ ಉದುರಿಸಿದ.

"ಚಹಾದಾಗ ಏನೋ ಕರಕರ ಅನ್ನಾಕತ್ತೈತ್ರಿ," ಎಂದಳು ಮೀನಾ.

"ನಿನ್ನ ತವರಮನಿ ಮಣ್ಣು. ಕಣ್ಣಿಗೆ ಒತ್ತಿಕೊಂಡು ಕುಡಿ."

ಇನ್ನು ತುಕ್ಕು! ಬಾಟಲಿಯಲ್ಲಿ ಬರುವ ತುಕ್ಕಿನ ಬಣ್ಣ ಸುಳ್ಳು ತುಕ್ಕು ಎಂದು ವಿಜಯನ ಆತ್ಮಸಾಕ್ಷಿ ನುಡಿಯಿತು. ನೇರ ಖಾಸಿಮಸಾಬನ ಗ್ಯಾರೇಜಿಗೆ ಹೋದ. ಖಾಸಿಮಸಾಬ ಬಿದ್ದು ಬಿದ್ದು ನಕ್ಕ.

"ಯಾ ಅಲ್ಲಾ! ತುಕ್ಕು ತಗೀರಿ ಅಂತ ಬರೂ ಗಿರಾಕಿನ್ನ ನೋಡೇನಿ. ತುಕ್ಕು ಕೊಡ್ರಿ ಅಂತ ಬಂದಾವರು ನೀವ ಮೊದಲ್ರಿ ಸರ್!"

ರಿಪೇರಿಗೆಂದು ನಿಂತಿದ್ದ ಒಂದು ಟ್ರೇಲರನ್ನು ತಂತಿ ಬ್ರಷ್ಷಿನಿಂದ ಗೀರಿ, ಉದುರಿದ್ದನ್ನು ಪೊಟ್ಟಣ ಕಟ್ಟಿ ಕೊಟ್ಟ. ವಿಜಯ ಅದನ್ನು ಮೀನಾ ಇಲ್ಲದ ಹೊತ್ತು ನೋಡಿ ಶೇಂಗಾ ಚಟ್ನಿಯ ಜಾರಿನಲ್ಲಿ ನುಣ್ಣಗೆ ಅರೆದು, ಸ್ಪಂಜಿನ ಚೂರಿನಿಂದ ಚಾಸಿಗೆ ತಟ್ಟಿ ತಟ್ಟಿ ಕೂರಿಸಿದ. ಕೊನೆಗೆ ಎಂಜಿನ್ನಿನ ಕೆಳಗೆ ಜಿಡ್ಡುಗಪ್ಪಿನ ಒಂದು ಎಣ್ಣೆ ಹನಿ. ಅಡ್ಡಪಟ್ಟಿಯ ಮೇಲೆ ಕೂದಲೆಳೆಯಂಥ ಒಂದು ಬಿರುಕು. ತಾನು ಮಾಡಿದ ಬಿರುಕು ನೋಡಿ ತಾನೇ ಹೆದರಿದ!

ಇಲ್ಲಿಗೆ ನಿಲ್ಲಿಸಿದ್ದರೆ ಕಥೆಯೇ ಇರಲಿಲ್ಲ. ಆದರೆ ಕಲಾವಿದನಿಗೆ ಚಪ್ಪಾಳೆ ಬೇಕಲ್ಲ! ಮರುದಿನ ಬೆಳಿಗ್ಗೆ ಜೀಪನ್ನು ಅಂಗಳದ ಮಣ್ಣಿನಲ್ಲಿ ಮಗುಚಿ, ಬಿಸಿಲಿಗೆ ಹಿಡಿದು, ತಳದ ಫೋಟೋ ತೆಗೆದು, ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ. ಕೆಳಗೆ ಬರೆದ: "ನಮ್ಮ ಮಾವನವರ ಜೀಪಿನ ಚಾಸಿ. ಹೇಗಿದೆ ನೋಡಿ!" ಇದು ಮಾದರಿ ಎಂದು ಬರೆಯಲಿಲ್ಲ. ಹಾಗೆ ಬರೆಯುವುದು ಕಲೆಗೆ ಮಾಡುವ ಅವಮಾನ. ಮಾವನ ಬಳಿ ಗುಂಡಿ ಒತ್ತುವ ಹಳೆಯ ಫೋನು, ಆದ್ದರಿಂದ ಉಡುಗೊರೆಯ ಗುಟ್ಟು ರಟ್ಟಾಗುವ ಭಯವೂ ಇಲ್ಲ. ಫೋನನ್ನು ಗ್ರಂಥಾಲಯದ ಡ್ರಾವರಿಗೆ ಹಾಕಿ, "ಶಾಂತತೆ ಕಾಪಾಡಿ" ಎಂಬ ಫಲಕದ ಕೆಳಗೆ ಶಾಂತವಾಗಿ ಕೂತ.

ಇತ್ತ ನೇಸರಗಿಯಲ್ಲಿ ಶಾಂತತೆ ಹಾರಿಹೋಗಿತ್ತು! ಮಹಾಂತಪ್ಪನ ಎದುರುಮನೆಯ ನೀಲಪ್ಪ ಆ ಸ್ಟೇಟಸ್ ನೋಡಿದ. ನೀಲಪ್ಪನಿಗೆ ಹೊಸ ಟ್ರ್ಯಾಕ್ಟರಿತ್ತು, ಹಳೆಯ ಟ್ರೇಲರಿತ್ತು, ಅದಕ್ಕೂ ಹಳೆಯ ಹೊಟ್ಟೆಕಿಚ್ಚಿತ್ತು. ಫೋಟೋ ಊರ ಗ್ರೂಪಿಗೆ ಹೋಯಿತು. ಕೆಳಗೆ ಅವನ ಒಕ್ಕಣೆ: "ಸ್ವಂತ ಅಳಿಯಾನ ಹಾಕ್ಯಾನ. ಚರಗಕ್ಕ ಹೋಗೂ ತಾಯಂದಿರು ಜ್ವಾಕಿ." ಬೆಳಿಗ್ಗೆ ಜೀಪಿಗೆ ತುಕ್ಕು ಹಿಡಿದಿತ್ತು. ಊಟದ ಹೊತ್ತಿಗೆ ಬಿರುಕು ಬಿಟ್ಟಿತ್ತು. ಸಂಜೆಯ ಬಸ್ಸು ಬರುವಷ್ಟರಲ್ಲಿ ಎರಡು ತುಂಡಾಗಿತ್ತು! ನಡುವೆ, ಮಧ್ಯಾಹ್ನವೇ, ದೊಡವಾಡದ ನೆಂಟರೊಬ್ಬರು ಮಹಾಂತಪ್ಪನಿಗೇ ಫೋನು ಮಾಡಿ, "ಜೀವಕ್ಕ ಏನೂ ಆಗಿಲ್ಲ ಹೌದಲ್ಲ?" ಎಂದು ವಿಚಾರಿಸಿದರು. ಮಹಾಂತಪ್ಪ ಆಗ ಅದೇ ಜೀಪಿನಲ್ಲಿ ಕೂತು ಕಬ್ಬು ಸಿಗಿಯುತ್ತಿದ್ದ.

ವಿಜಯ ಮನೆಗೆ ಬಂದಾಗ ಮೀನಾ ಬಾಗಿಲಲ್ಲೇ ನಿಂತಿದ್ದಳು.

"ಆ ಫೋಟೋ ಖರೇ ಜೀಪಂದು ಅಂತ ತಿಳಕೊಂಡಾರ್ರಿ!"

ವಿಜಯನ ಮುಖ ಅರಳಿತು. "ಖರೇ ಅಂದಕೊಂಡ್ರಾ? ಯಾರು?"

"ಇಡೀ ನೇಸರಗಿ!"

"ಒಬ್ಬರಿಗೂ ಸಂಶೇ ಬರಲಿಲ್ಲಾ? ಆ ಎಣ್ಣಿ ಹನಿ ಬಗ್ಗೆ ಏನರೆ ಅಂದ್ರಾ?"

"ನಗಾಕತ್ತೀರಿ? ಅಲ್ಲಿ ನಮ್ಮವ್ವ ಅಳಾಕತ್ತಾಳ!" ಎಂದು ಮೀನಾ ಫೋನನ್ನು ಅವನ ಕಿವಿಗೆ ಒತ್ತಿದಳು.

ಅತ್ತೆ ಸಿದ್ದಲಿಂಗವ್ವನ ದನಿ ನಡುಗುತ್ತಿತ್ತು. "ಅಳಿಯಾರ, ಓಣ್ಯಾಗಿನ ಹೆಣಮಕ್ಕಳೆಲ್ಲಾ ಈ ಸಲ ನೀಲಪ್ಪನ ಟೇಲರಿನ್ಯಾಗ ಹೋಗತೇವಿ ಅಂದ್ರು. ನಿಮ್ಮ ಮಾವಾರು ಮಧ್ಯಾನದಿಂದ ಉಂಡಿಲ್ಲ. ಜೀಪಿನ ಬಾಜೂಕ ಸುಮ್ಮನ ಕುಂತಾರ."

ವಿಜಯನ ನಗು ಅಲ್ಲೇ ಸತ್ತಿತು. ಸಂತೋಷಪಡಿಸಬೇಕೆಂದು ಹೊರಟವನು ಮುದುಕನ ಮಾನಕ್ಕೇ ಮಸಿ ಬಳಿದಿದ್ದ. ತಕ್ಷಣ ಹೊಸ ಸ್ಟೇಟಸ್ ಹಾಕಿದ: "ಅದು ಆಟಿಕೆ! ನಾನೇ ಮಾಡಿದ್ದು! ನಿಜವಾದ ಜೀಪು ಗಟ್ಟಿಯಾಗಿದೆ!" ಊರು ಅದನ್ನೂ ಓದಿತು. "ಪಾಪ, ಮಾವ ಬೈದಿರಬೇಕು. ಈಗ ಸುಳ್ಳು ಹೇಳಾಕತ್ತಾನ," ಎಂದಿತು.

ಎರಡು ದಿನ ಮಹಾಂತಪ್ಪ ಜೀಪನ್ನು ಅಂಗಳದಿಂದ ಹೊರಗೆ ತೆಗೆಯಲಿಲ್ಲ. ಬೈಲಹೊಂಗಲದ ಸಂತೆಯ ದಿನ ಅರ್ಧ ನೇಸರಗಿ ಪೇಟೆಗೆ ಬಂದಿರುವಾಗ, ಜೀಪನ್ನು ತಂದು ಖಾಸಿಮಸಾಬನ ಗ್ಯಾರೇಜಿನಲ್ಲಿ ಗಾಡಿಯ ತಳ ನೋಡಲೆಂದೇ ತೋಡಿದ ಖಡ್ಡಾದ ಮೇಲೆ ನಿಲ್ಲಿಸಿದ. ಅಳಿಯನಿಗೆ ಹೇಳಿಕಳಿಸಿದ. ಆಮೇಲೆ ರಸ್ತೆಗೆ ಮುಖಮಾಡಿ ಗುಡುಗಿದ:

"ಬರ್ರಿ! ಎಲ್ಲಾರೂ ಬರ್ರಿ! ಇಳದು ನನ್ನ ಗಾಡಿ ಹೊಟ್ಟಿ ನೋಡ್ರಿ!"

ಜನ ಸಾಲುಗಟ್ಟಿದರು. ಒಬ್ಬೊಬ್ಬರೇ ತಗ್ಗಿಗೆ ಇಳಿದು, ತಲೆಯೆತ್ತಿ ದರ್ಶನ ಪಡೆದು, ತಲೆ ತಗ್ಗಿಸಿ ಮೇಲೆ ಬಂದರು. ವಿಜಯನೂ ಇಳಿದ. ಇಳಿದವನ ಬಾಯಿ ತೆರೆದೇ ಉಳಿಯಿತು. ಒಂದು ಚುಕ್ಕಿ ತುಕ್ಕಿಲ್ಲ! ಎಣ್ಣೆಯ ಪಸೆಯಿಲ್ಲ! ಕರೀ ಬಣ್ಣ ಹಚ್ಚಿದ ಚಾಸಿ, ಅದರಲ್ಲಿ ಮುಖ ನೋಡಿ ತಲೆ ಬಾಚಿಕೊಳ್ಳಬಹುದು ಎನ್ನುವಷ್ಟು ಮಿಂಚುತ್ತಿತ್ತು.

"ವರ್ಷಾ ದಸರೆಕ ನಾನ ಕೆಳಗ ಮಕ್ಕೊಂಡು ಬಣ್ಣಾ ಹಚ್ಚತೇನಿ," ಎಂದ ಮಹಾಂತಪ್ಪ. "ಅಳಿಯಾರ, ಇದರ ತಳಾ ನೀವು ಯಾವಾಗ ನೋಡಿದ್ರಿ?"

"ನೋಡಿಲ್ಲರಿ ಮಾವಾರ."

"ಮತ್ತ?"

"ಅಂದಾಜ ಮಾಡಿದೆ."

ನೆರೆದವರು ಹೋ ಎಂದರು. ವಿಜಯ ಚೀಲದಿಂದ ಅಂಗೈಯಗಲದ ಜೀಪು ತೆಗೆದು, ಮಗುಚಿ ತೋರಿಸಿದ. ಅದೇ ತುಕ್ಕು, ಅದೇ ಬಿರುಕು, ಅದೇ ಹನಿ! ನೀಲಪ್ಪ ಮಾತ್ರ ಇನ್ನೂ ಬಿಡಲಿಲ್ಲ. "ಆಟಿಗಿ ಇರಬೋದು. ಆದ್ರ ತುಕ್ಕು ಖರೇ ತುಕ್ಕ ಐತಿ ನೋಡ್ರಿ. ಈ ಜೀಪಿಂದನ ಕೆರದ ತಗದಿರಬೇಕು."

"ಖರೇ ತುಕ್ಕ ಐತ್ರಿ," ಎಂದ ಖಾಸಿಮಸಾಬ ಕೈ ಒರೆಸಿಕೊಳ್ಳುತ್ತ. "ನಾನ ಕೊಟ್ಟೇನಿ. ಹೋದ ತಿಂಗಳ ರಿಪೇರಿಗೆ ಬಿಟ್ಟಿದ್ರೆಲ್ಲಾ ನೀಲಪ್ಪ, ನಿಮ್ಮ ಟೇಲರ್? ಅದರ ತಳದ್ದು. ಇನ್ನೂ ಒಂದ ಚೀಲ ಆಗೂವಷ್ಟ ಐತಿ. ಬೇಕೇನ್ರಿ?"

ಆ ಕ್ಷಣಕ್ಕೆ ನೀಲಪ್ಪನ ಟ್ರೇಲರು ಖಾಲಿಯಾಯಿತು. ಸಂತೆಯ ಚೀಲ ಹಿಡಿದು ನಿಂತಿದ್ದ ಹೆಂಗಸರೆಲ್ಲ ಜೀಪಿಗೇ ಬರುತ್ತೇವೆಂದರು. ಮಹಾಂತಪ್ಪನ ಮೀಸೆ ಮೇಲೇರಿತು. ಅವನು ಮಾದರಿಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ತಿರುಗಿಸಿ ನೋಡಿದ. ವಿಜಯ ಉಸಿರು ಬಿಗಿಹಿಡಿದ. ಈಗ ಬಂತು ಶಾಬಾಸ್!

"ಮಾಡೂ ಕೈ ಐತಿ ಅಳಿಯಾರ," ಎಂದ ಮಹಾಂತಪ್ಪ, "ನೋಡೂ ಕಣ್ಣು ಇಲ್ಲ." ಅಷ್ಟಂದು ಒಂದು ಅರಿವೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಪುಟ್ಟ ಜೀಪಿನ ತಳವನ್ನು ಒರೆಸಿಯೇ ಬಿಟ್ಟ! ಉಪ್ಪು, ಮಣ್ಣು, ಚಟ್ನಿ ಜಾರು ಎಲ್ಲದರ ತಪಸ್ಸೂ ಒಂದೇ ಸಲ ಒರೆಸಿದ್ದಕ್ಕೆ ಹೋಯಿತು.

"ಹಾಂ, ಈಗ ಇದು ನನ್ನ ಗಾಡಿ."

ಎಳ್ಳ ಅಮಾವಾಸ್ಯೆ ಬಂತು. ಅತ್ತೆ ಕೊಟ್ಟ ಹೊಸ ಬಿಳಿ ಅಂಗಿ ತೊಟ್ಟು ವಿಜಯ ಜೀಪಿನ ಮುಂದೆ ನಿಂತ. ಬುಟ್ಟಿಗಳು ಬಂದವು, ಇಳಕಲ್ ಸೀರೆಗಳು ಬಂದವು. ಆದರೆ ಓಣಿಯ ಹಿರಿಯಳು ಲಗಮವ್ವ ಕಾಲು ಮೇಲಿಡಲೊಲ್ಲಳು.

"ನಾ ಆವತ್ತ ಪ್ಯಾಟಿಗೆ ಬಂದಿದ್ದಿಲ್ಲಪಾ. ನಾ ಏನೂ ನೋಡಿಲ್ಲ. ಫೋಟೋ ಹಾಕಿದಾವರ ಒಮ್ಮೆ ಕೆಳಗ ಹೊಕ್ಕು ನೋಡಿ ಹೇಳಲಿ. ಅಂದ್ರ ಹತ್ತತೇನಿ."

ಲಗಮವ್ವ ಹತ್ತದಿದ್ದರೆ ಯಾರೂ ಹತ್ತುವಂತಿಲ್ಲ. ಎಲ್ಲರೂ ಅಳಿಯನ ಕಡೆ ನೋಡಿದರು.

"ಕೆಳಗ ಹೊಗ್ರಿ ಅಳಿಯಾರ," ಎಂದ ಮಹಾಂತಪ್ಪ, ಮೊದಲ ಸಲ ಅವನಿಗೊಂದು ಕೆಲಸ ಹೇಳುತ್ತ. "ಜ್ವಾಕಿ, ನಿನ್ನೆ ಗ್ರೀಸ ಹೊಡದೇನಿ."

ವಿಜಯ ಬೆನ್ನ ಮೇಲೆ ಮಲಗಿ ಒಳಗೆ ಸರಿದ. "ಗಟ್ಟಿ ಐತ್ರೀ!" ಎಂದು ಒಳಗಿಂದಲೇ ಸಾಕ್ಷಿ ನುಡಿದ. ಹೊರಗೆ ಬಂದಾಗ ಅಂಗಿಗೆ ಗ್ರೀಸು, ಗಲ್ಲಕ್ಕೆ ಗ್ರೀಸು, ತಲೆಗೆ ಎರೆಮಣ್ಣು. ಅಷ್ಟರಲ್ಲಿ ಜೀಪು ತುಂಬಿಹೋಗಿತ್ತು. ಒಂದು ಮೂಲೆ ಖಾಲಿಯಿತ್ತು ನಿಜ, ಆದರೆ ಅತ್ತ ಅವನು ಹೆಜ್ಜೆ ಇಟ್ಟದ್ದೇ ತಡ, ಸೀರೆಗಳೆಲ್ಲ ಒಟ್ಟಿಗೆ ಚೀರಿದವು.

"ಅಯ್ಯ, ದೂರ ನಿಂದರ್ರೀ! ಹೊಸಾ ಸೀರಿ!" ಹಾಗೆ ಚೀರಿದವರಲ್ಲಿ ಮೀನಾಳ ದನಿಯೇ ಎಲ್ಲಕ್ಕಿಂತ ಮುಂದಿತ್ತು.

ಮಹಾಂತಪ್ಪ ಹಾರ್ನ್ ಬಾರಿಸಿದ. ಜೀಪು ತುಂಬಿ ತುಳುಕುತ್ತ, ಎಲ್ಲರಿಗಿಂತ ಮುಂದೆ, ಧೂಳೆಬ್ಬಿಸಿ ಹೋಯಿತು. ವಿಜಯ ರಸ್ತೆಯ ಪಕ್ಕ ಒಬ್ಬನೇ ನಿಂತ. ಹಿಂದಿನಿಂದ ಟ್ರ್ಯಾಕ್ಟರಿನ ಸದ್ದಾಯಿತು. ಮೇವಿನ ಸಿವುಡು ಹೇರಿದ ಟ್ರೇಲರು ಎಳೆದುಕೊಂಡು ಬಂದ ನೀಲಪ್ಪ ಅವನ ಪಕ್ಕದಲ್ಲೇ ನಿಲ್ಲಿಸಿದ.

"ಏನಾತ್ರಿ ಅಳಿಯಾರ? ಹತ್ರಿ, ಹತ್ರಿ. ಜೀಪ ಎಲ್ಲಿ ಕೆಟ್ಟ ನಿಂತತಿ?"

"ಕೆಟ್ಟಿಲ್ಲರಿ! ಗಟ್ಟಿ ಐತಿ! ಮುಂದ ಹೋತು!" ಎನ್ನುತ್ತ ವಿಜಯ ಸಿವುಡುಗಳ ಮೇಲೇರಿ ಕೂತ.

ನೀಲಪ್ಪ ಅವನ ಅಂಗಿ ನೋಡಿದ, ಗಲ್ಲ ನೋಡಿದ, ಖಾಲಿ ರಸ್ತೆ ನೋಡಿದ. ಆಮೇಲೆ ನಿಧಾನಕ್ಕೆ ಜೇಬಿನಿಂದ ಫೋನು ತೆಗೆದು, ಫೋಟೋ ಹೊಡೆಯಲು ಅವನತ್ತ ಹಿಡಿದ.

"ಹೌದ್ರಿ, ಹೌದ್ರಿ. ಸ್ವಲ್ಪ ಬಿಸಲಿಗೆ ತಿರಗ್ರಿ ನೋಡೂಣು. ಇದಕ್ಕ ಯಾರೂ ಆಟಿಗಿ ಅನ್ನೂದಿಲ್ಲ!"