ಗೇಣು ಸುತಳಿಯ ಮಹಾಸಮರ

ಕಾದ ಕಬ್ಬಿಣದ ಮೇಲೆ ಎಣ್ಣೆನೀರು ಬಿದ್ದು ಚುಂಯ್ ಎಂದು ಹಬೆಯಾಗುವಾಗ ಏಳುವ ವಾಸನೆಯೇ, ಬಾಲ್ಯದಲ್ಲಿ ಅಪ್ಪನ ಅಂಗಿಯ ತೋಳಿನಿಂದ ಬಂದು ನನ್ನನ್ನು ನಿದ್ದೆಗೆ ಕಳಿಸುತ್ತಿದ್ದ ದಿವ್ಯಗಂಧವೇ, ಬಾ, ಈ ಲೇಖನಿಯ ತುದಿಯಲ್ಲಿ ನೆಲೆಸು! ಕೈಯಿಂದ ತಿರುಗುವ ಚಕ್ರಗಳ ಯುಗ ಅಸ್ತಮಿಸಿ, ಗಣಕದ ಆಜ್ಞೆಗೆ ಉಕ್ಕು ತಲೆಬಾಗುವ ಯುಗ ಉದಯಿಸುತ್ತಿದ್ದ ಸಂಧಿಕಾಲದಲ್ಲಿ, ಬೆಳಗಾವಿಯ ಉದ್ಯಮಬಾಗದ ಒಂದು ತಗಡಿನ ಶೆಡ್ಡಿನೊಳಗೆ ನಡೆದ ಘೋರ ಕದನವನ್ನು ಹಾಡುವೆನು.

ಒಂದು ಪಾಳೆಯದಲ್ಲಿ ಡಿಪ್ಲೊಮಾ-ಪದಕ-ವಿಭೂಷಿತೆ, ನಕ್ಷಾವಿದ್ಯಾ-ವಿಶಾರದೆ, ಶೆಡ್ಡಿನ ಒಡತಿ ಕಸ್ತೂರಿ ಕಮ್ಮಾರ. ಇನ್ನೊಂದರಲ್ಲಿ ಅವಳ ತಂದೆಯ ತಮ್ಮ ಮೋನಪ್ಪ ಕಾಕಾ. ಕಬ್ಬಿಣ ಕೆತ್ತುವ ಹಳೆಯ ಮಿಲ್ಲಿಂಗ್ ಯಂತ್ರದ ಸಾರಥಿ, ಕೂದಲೆಳೆಯ ಏರಿಳಿತವನ್ನು ಹೆಬ್ಬೆರಳಿನ ಉಗುರಿನಿಂದಲೇ ಪತ್ತೆಹಚ್ಚುವ ಮಹಾರಥಿ. ಅಪ್ಪ ತೀರಿಕೊಂಡ ಮೇಲೆ ಕಸ್ತೂರಿಗೆ ಕೆಲಸ ಕಲಿಸಿದ್ದು ಆ ಕೈಯೇ. ಆ ರಾಜ್ಯದಲ್ಲಿ ತಪ್ಪಾಯಿತೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೆಲಸ ಕೆಡಿಸಿದವರು ಆ ದಿನ ತಮ್ಮ ಬುತ್ತಿ ಬಿಚ್ಚಿ ಉಳಿದವರಿಗೆ ಬಡಿಸಬೇಕು. ಅಷ್ಟೇ ಅಲ್ಲಿನ ಧರ್ಮಶಾಸ್ತ್ರ.

ಕೊಳ್ಳಬೇಕಾದದ್ದು ಶೆಡ್ಡಿನ ಮೊಟ್ಟಮೊದಲ ಸಿಎನ್‌ಸಿ, ಅಂದರೆ ಗಣಕ ನಡೆಸುವ, ಮಿಲ್ಲಿಂಗ್ ಯಂತ್ರ. ದೊಡ್ಡದೋ, ಸಣ್ಣದೋ? ಇದೇ ಕದನಕಾರಣ. ಕಂಪನಿಯ ಮಾರಾಟಗಾರ ವಾಮನರಾವ್ ಉಭಯ ಸೇನೆಗಳಿಗೂ ಸಮಾನ ಮಂದಹಾಸ ಹಂಚುತ್ತ, ಕ್ಯಾಟಲಾಗನ್ನು ಧ್ವಜದಂತೆ ಹಿಡಿದು ನಡುವೆ ನಿಂತಿದ್ದನು.

ಕಸ್ತೂರಿ ಗರ್ಜಿಸಿದಳು: "ದೊಡ್ಡದ ಬರೀರಿ! ಮೀಟರ್ ಉದ್ದದ ಟೇಬಲ್ಲು, ಇಪ್ಪತ್ನಾಕು ಟೂಲು ತಾನ ಬದಲ್ ಮಾಡ್ಕೊಂತೈತಿ. ಎಂಥಾ ಪಂಪಿನ ಬಾಡಿ ಬರ್ಲಿ, ಬಿಡಂಗಿಲ್ಲ. ನಕ್ಷಾ ನಾನ ತಗದೀನಿ. ಎಲ್ಲಿ ಕೂಡಬೇಕು, ವೈರ್ ಎಲ್ಲಿಂದ ಬರಬೇಕು, ಮಿಲಿಮೀಟರ್ ತಪ್ಪಂಗಿಲ್ಲ!"

"ಸಣ್ಣದ ಸಾಕವಾ," ಎಂದರು ಕಾಕಾ.

"ಯಾಕ?"

ಕಾಕಾ ಒಮ್ಮೆ ಬಾಗಿಲನ್ನೂ ಒಮ್ಮೆ ವಾಮನರಾವ್‌ನನ್ನೂ ನೋಡಿ, ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದರು. "ಸಾಕಂದ್ನೆಲ್ಲ. ನಲವತ್ತ ವರ್ಷ ಕಬ್ಬಿಣ ನನ್ನ ಮಾತ ಕೇಳೇತಿ. ನೀ ಒಬ್ಬಾಕಿ ಕೇಳವಲ್ಲಿ ನೋಡು!"

ಆಗ ಕಸ್ತೂರಿ ಬ್ರಹ್ಮಾಸ್ತ್ರವನ್ನೇ ಹೂಡಿದಳು: "ನಿಮಗ ಹೊಸಾದಂದ್ರ ಅಂಜಿಕಿ ಕಾಕಾ. ದೊಡ್ಡದು ಬಂದ್ರ ನಿಮ್ಮ ಕೈಗೆ ಕೆಲಸ ಇರಂಗಿಲ್ಲಂತ!"

ದಿಕ್ಕುಗಳು ಸ್ತಬ್ಧವಾದವು. ಕಾಕಾ ಏಪ್ರನ್ ಬಿಚ್ಚಿ ಮೊಳೆಗೆ ತೂಗುಹಾಕಿದರು. "ಹಂಗಾದ್ರ ನಾಳಿಂದ ನೀನ ನಡಸವಾ," ಎಂದು ಹಳೆಯ ಯಂತ್ರದ ಬಳಿ ಹೋಗಿ, ಮೊದಲೇ ಸ್ವಚ್ಛವಿದ್ದ ಅದನ್ನು ಮತ್ತೆ ಒರೆಸತೊಡಗಿದರು.

ವಿಜಯಿನಿ ಆರ್ಡರ್ ಫಾರಮ್ಮಿಗೆ ಸಹಿ ಹಾಕಲು ಬೆಳಕಿಗೆಂದು ಬಾಗಿಲಿಗೆ ನಡೆದಳು. ಅಲ್ಲಿ ಅವಳ ಮೂಗಿಗೆ ಏನೋ ತಗುಲಿತು. ಶಟರಿನ ಮೇಲಿನ ತೊಲೆಯಿಂದ ಒಂದು ಸುತಳಿ ಇಳಿಬಿದ್ದಿತ್ತು. ನೆಲ ಮುಟ್ಟಿದ ಮೇಲೂ ಅದರ ಒಂದು ಗೇಣು ಹಾವಿನ ಮರಿಯಂತೆ ಸುತ್ತಿಕೊಂಡು ಬಿದ್ದಿತ್ತು. ತುದಿಗೆ ಕಟ್ಟಿದ ಚೀಟಿಯಲ್ಲಿ ಕಾಕಾನ ಸೊಟ್ಟ ಅಕ್ಷರ: 'ದೊಡ್ಡ ಮಶೀನಿನ ಎತ್ತರ.'

ಇಡೀ ಮಾಡನ್ನು ಹೊತ್ತ ತೊಲೆ ಅದು, ಮುರಿಯುವಂತಿಲ್ಲ. ಯಂತ್ರ ಕೂಡುವ ಜಾಗವನ್ನು ಮಿಲಿಮೀಟರ್ ತಪ್ಪದೆ ಬರೆದ ವೀರಾಗ್ರಣಿ, ಅದು ಒಳಗೆ ಬರುವ ಬಾಗಿಲನ್ನು ಅಳೆದೇ ಇರಲಿಲ್ಲ!

"ಯಾವಾಗ ಕಟ್ಟೀರಿ ಇದನ್ನ?" ಅವಳ ದನಿ ಇಳಿದಿತ್ತು.

"ಮುಂಜಾನೆ. ನೀನ ನೋಡ್ತಿ ಅನಕೊಂಡಿದ್ದೆ," ಎಂದರು ಕಾಕಾ, ತಿರುಗದೆ. "ಮಂದಿ ಮುಂದ ಹೆಂಗ ಹೇಳ್ಲಿ?"

ಆ ಮಂದಿ, ಅಂದರೆ ವಾಮನರಾವ್, ಏನನ್ನೂ ಕೇಳದವನಂತೆ ಕೆಮ್ಮಿ, ಸದ್ದಾಗದಂತೆ ಸಣ್ಣ ಯಂತ್ರದ ಪುಟವನ್ನು ತೆರೆದಿಟ್ಟನು. ಕಸ್ತೂರಿ ಸಣ್ಣದಕ್ಕೇ ಸಹಿ ಹಾಕಿದಳು.

ಅಷ್ಟರಲ್ಲಿ ಯುದ್ಧಾಂತ್ಯದ ಶಂಖದಂತೆ ಊಟದ ಭೋಂಗಾ ಮೊಳಗಿತು. ಕಸ್ತೂರಿ ಕೈ ತೊಳೆದು ಬುತ್ತಿಯ ಗಂಟು ಬಿಚ್ಚಿದಳು. ಎರಡು ಜೋಳದ ರೊಟ್ಟಿ ತೆಗೆದು, ಮೇಲೆ ಬದನೆಕಾಯಿ ಎಣ್ಣೆಗಾಯಿ, ಬದಿಗೆ ಶೇಂಗಾ ಚಟ್ನಿ ಇಟ್ಟು, ಎರಡೂ ಕೈಯಿಂದ ಕಾಕಾನ ಮುಂದೆ ಹಿಡಿದಳು.