ಬೀಳದ ಮೋಟಾರಿನ ಬಿಮಾ

ಎಲ್ಲಕ್ಕೂ ಮೂಲ ಒಂದು ನಿಂಬೆಹಣ್ಣು.

ನಿಜಾಮರ ಆಳಿಕೆಯ ಕಾಲ. ಕಲ್ಯಾಣದಲ್ಲಿ ಬಾಡಿಗೆಗೆ ಓಡುವ ಮೋಟಾರು ಇದ್ದದ್ದು ಒಂದೇ. ಅದು ಮಹಾರುದ್ರಪ್ಪನದು. ಊಟಕ್ಕೆ ಕೂತ ಮಗುವಿನ ಬಾಯಿ ಒರೆಸಿದ ಹಾಗೆ ದಿನಕ್ಕೆ ಮೂರು ಸಲ ಅದರ ಮೂತಿ ಒರೆಸುತ್ತಿದ್ದ. ಮೋಟಾರು ಕೊಳ್ಳುವಾಗ ಕಡಿಮೆ ಬಿದ್ದ ಹಣಕ್ಕೆ ಹೆಂಡತಿ ತುಳಜಾಬಾಯಿ ತನ್ನ ಎರಡು ಚಿನ್ನದ ಪಾಟಲಿ ಬಳೆ ಬಿಚ್ಚಿ ಕೊಟ್ಟಿದ್ದಳು. ಅವು ಹುಮನಾಬಾದಿನ ಸರಾಫನಲ್ಲಿ ಒತ್ತೆಯಿದ್ದವು. ಪಾಟಲಿ ಕೊಟ್ಟವಳ ಹೆಸರಿಗೇ ಮೋಟಾರಿನ ಕಾಗದವಿರಲಿ ಎಂದು ಮಹಾರುದ್ರಪ್ಪ ಹಟ ಹಿಡಿದು ಬರೆಸಿದ್ದ; ಅದನ್ನು ಓಣಿಗೆಲ್ಲ ಹೇಳಿಯೂ ಇದ್ದ. ಹುಮನಾಬಾದಿನ ಅಂಗಡಿಯೊಂದರಲ್ಲಿ ಮೋಟಾರಿಗೆ ಮುಂಬಯಿ ಕಂಪನಿಯ ಬಿಮಾ, ಅಂದರೆ ವಿಮೆ, ಮಾಡಿಸಿ ತಿಂಗಳಿಗೊಂದು ಕಂತು ಕಟ್ಟುತ್ತಿದ್ದ.

ಅಂದು ಬೆಳಗ್ಗೆ ತುಳಜಾಬಾಯಿ ಮೋಟಾರಿನ ಮೂತಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುತ್ತಿದ್ದಳು. ಪಕ್ಕದ ಮನೆಯ ಧಾನ್ಯದ ದಲಾಲಿ ಬಂಡೆಪ್ಪ ಬೇವಿನ ಕಡ್ಡಿ ಕಚ್ಚಿಕೊಂಡು ಕಟ್ಟೆಯ ಮೇಲೆ ನಿಂತಿದ್ದ.

"ಬಿಮಾ ಮಾಡ್ಸಿದ ಮೋಟಾರಿಗೆ ನಿಂಬಿಹಣ್ಣು ಯಾಕ್ರಿ ವೈನಿ? ಬೀಳೋ ಮೋಟಾರ ಒಂದು, ಬಂದೋಬಸ್ತ ಎರಡು. ರುದ್ರಪ್ಪಗ ತನ್ನ ಕೈಮ್ಯಾಲ ಇಷ್ಟೂ ನಂಬಿಗಿ ಇಲ್ಲೇನು?"

ಮಹಾರುದ್ರಪ್ಪನ ಕೈಯಲ್ಲಿದ್ದ ಅರಿವೆ ನಿಂತಿತು. "ಮೂರು ತಿಂಗಳಾತು. ಒಂದು ಕೋಳಿಪಿಳ್ಳಿಗೂ ನನ್ನ ಮೋಟಾರ ತಾಗಿಲ್ಲ" ಎಂದ.

"ಹಂಗಾದ್ರ ನೀ ಕಟ್ಟಿದ ರೊಕ್ಕ ಇನ್ನಾ ಖರ್ಚ ಆಗಿಲ್ಲ. ಹಗೇವಿನಾಗ ಹಾಕಿಟ್ಟ ಜ್ವಾಳ ಇದ್ದಂಗ. ತಿಂದಿಲ್ಲ ಅಂದಮ್ಯಾಲ ಹೋಗಿ ತಗೊಂಡ ಬಾ."

ನೆಲ ಅಗೆದು ಮಾಡಿದ ಹಗೇವಿನಲ್ಲಿ ಜೋಳ ತುಂಬುವುದು, ಉಣ್ಣದೆ ಉಳಿದದ್ದನ್ನು ಮೇಲಕ್ಕೆತ್ತುವುದು, ಇದು ಆ ಓಣಿಯವರಿಗೆಲ್ಲ ಹುಟ್ಟಿದಾಗಿನಿಂದ ಗೊತ್ತು. ಆದ್ದರಿಂದ ಬಂಡೆಪ್ಪನ ಮಾತಿನಲ್ಲಿ ಯಾರಿಗೂ ಒಂದು ಹರಳೂ ಸಿಗಲಿಲ್ಲ. ತಿಂಗಳಿಗೆ ಹತ್ತರಂತೆ ಮೂರು ಕಂತು, ಮೂವತ್ತು ಇಂಗ್ರೇಜಿ ರೂಪಾಯಿ. ನಿಜಾಮರ ನಾಣ್ಯವಾದ ಹಾಲಿ ಸಿಕ್ಕಾದಲ್ಲಿ ಮೂವತ್ತೈದು. ಸರಿಯಾಗಿ ಒಂದು ಪಾಟಲಿ ಬಿಡಿಸುವಷ್ಟು. ಮಹಾರುದ್ರಪ್ಪ ಹೆಂಡತಿಯ ಬೋಳು ಮುಂಗೈ ನೋಡಿದ. ಸಂಜೆಯೊಳಗೆ ಒಂದಾದರೂ ಪಾಟಲಿ ಆ ಕೈಗೆ ಏರಲೇಬೇಕು ಎಂದು ಅಲ್ಲೇ ಗಟ್ಟಿಮಾಡಿಕೊಂಡ.

ಕಾಗದ ಅವಳ ಹೆಸರಿನದಾದ್ದರಿಂದ ಹೆಬ್ಬೆಟ್ಟಿಗೆ ಅವಳೂ ಬರಬೇಕಾಯಿತು. ಮುಂಬಯಿ ಕಂಪನಿ ರೊಕ್ಕ ತಿರುಗಿ ಕೊಡುವುದನ್ನು ನೋಡಲು ಬಂಡೆಪ್ಪ ಹತ್ತಿದ. ಅವನ ಹಿಂದೆ ಓಣಿಯ ಶೇವಂತಾಬಾಯಿ ನೀರಿನ ತಂಬಿಗೆಯೊಂದಿಗೆ ಹತ್ತಿದಳು. ಹತ್ತು ಜನರ ಮೋಟಾರಿನಲ್ಲಿ ಹದಿನೇಳು ಜನ ಉಪ್ಪಿನಕಾಯಿ ಹೋಳಿನಂತೆ ಒತ್ತಿಕೊಂಡರು. ಬಾಡಿಗೆ ಕೇಳುವುದು ಆ ದಿನದ ಘನತೆಗೆ ತಕ್ಕದ್ದಲ್ಲವೆಂದು ಮಹಾರುದ್ರಪ್ಪ ಹಾಗೆಯೇ ಹುಮನಾಬಾದಿನ ದಾರಿ ಹಿಡಿದ. ನಡುದಾರಿಯ ಹಳ್ಳಿ ರಾಜೇಶ್ವರದ ಹತ್ತಿರ ಮೋಟಾರು ಹಾಲಿನಂತೆ ಉಕ್ಕಿತು. ಶೇವಂತಾಬಾಯಿಯ ತಂಬಿಗೆ ಅದರ ಬಾಯಿಗೆ ಬರಿದಾಯಿತು. ಆಕೆ ಹುಮನಾಬಾದಿನವರೆಗೂ ಬಾಯಾರಿಕೆಯನ್ನು ಒಬ್ಬೊಬ್ಬರಿಗೂ ಹೇಳಿಕೊಂಡು ಬಂದಳು.

ಬಿಮಾ ಅಂಗಡಿಯ ದೇವಿದಾಸ ಶೇಟಜಿ ನಿಧಾನದ ಮನುಷ್ಯ. ವಿಷಯ ಕೇಳಿ ಕನ್ನಡಕ ತೆಗೆದು, ಮೊದಲು ಲೆಕ್ಕ ತಿಳಿಯಿರಿ ಎಂದರು. ಕಿಟಕಿಯಲ್ಲಿ ಹದಿನೈದು ಮುಖಗಳಿದ್ದವು.

"ಲೆಕ್ಕ ಆಮ್ಯಾಲ್ರಿ. ಬೀಳೋ ಮೋಟಾರಿನವರು ಲೆಕ್ಕ ಕೇಳ್ತಾರ. ನನ್ನದು ಮೊದಲ ರದ್ದು ಮಾಡ್ರಿ" ಎಂದ ಮಹಾರುದ್ರಪ್ಪ.

ಮುನ್ಶಿ ಅಬ್ದುಲ್ ಕರೀಂ ಕಾಗದ, ಶಾಯಿ ಹಿಡಿದು ಹೊರಗೆ ಹೋಗಿ, ಮೋಟಾರಿನ ಮುಂದಿನ ಸೀಟಿನಲ್ಲಿ ಕೂತಿದ್ದ ತುಳಜಾಬಾಯಿಯ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದ. ಮೊಹರು ಬಿತ್ತು. ಆಗ ಮಹಾರುದ್ರಪ್ಪ ಅಂಗೈ ಚಾಚಿದ.

ಶೇಟಜಿ ಕೂಡ ಅಂಗೈ ಚಾಚಿದರು.

"ವರ್ಷದ ನೂರಾ ಇಪ್ಪತ್ತು ಒಮ್ಮಿಗೇ ಕಂಪನಿಗೆ ತುಂಬಿದಾಂವ ನಾನು" ಎಂದು ಅವರು ಮೆತ್ತಗೆ ಹೇಳಿದರು. "ನೀವು ನನ್ನ ಸಾಲಾ ತೀರಸಾಕತ್ತಿದ್ರಿ, ಮೂವತ್ತು ಬಂದದ. ನಡುವ ಬಿಟ್ರ ಕಂಪನಿ ಅರ್ಧಾ ಹಿಡೀತದ, ಅರವತ್ತು ನನಗ ಕೊಡ್ತದ. ಅರವತ್ತು, ಮೂವತ್ತು, ತೊಂಬತ್ತಾತು. ಉಳಿದ ಮೂವತ್ತು ಯಾರು ಕೊಡಬೇಕ್ರಿ ರುದ್ರಪ್ಪನವರ?"

ಮೋಟಾರು ಬಿದ್ದಿಲ್ಲವಲ್ಲ ಎಂದು ಮಹಾರುದ್ರಪ್ಪ ಮೂರು ಬಗೆಯಲ್ಲಿ ಹೇಳಿ ನೋಡಿದ. ಬೀಳದಿರುವಾಗಲೂ ಕಂಪನಿ ಕಾಯುತ್ತಲೇ ಇತ್ತು, ಕಾದದ್ದಕ್ಕೇ ಆ ಹಣ ಎಂದು ಶೇಟಜಿ ಮೂರು ಸಲವೂ ತಾಳ್ಮೆಯಿಂದ ಉತ್ತರಿಸಿದರು. ಹಗೇವಿನ ಮಾತು ಎತ್ತಿದಾಗ ಮಾತ್ರ ಮುನ್ಶಿ ನಕ್ಕುಬಿಟ್ಟ.

ಹೊಸ ಟಾಯರಿಗೆಂದು ಕೂಡಿಟ್ಟ ಮೂವತ್ತೈದು ಹಾಲಿ ರೂಪಾಯಿ ಮಹಾರುದ್ರಪ್ಪನ ಚೀಲದಲ್ಲಿದ್ದವು. ಕಿಟಕಿಗೆ ಬೆನ್ನು ಮಾಡಿ, ಒಂದೊಂದಾಗಿ, ಸದ್ದಾಗದಂತೆ ಗಾದಿಯ ಮೇಲಿಟ್ಟ. ಮೀಸೆ ತೀಡಿಕೊಂಡು ಹೊರಗೆ ಬಂದ.

"ಎಷ್ಟ ಕೊಟ್ರು?" ಎಂದ ಬಂಡೆಪ್ಪ.

ತುಳಜಾಬಾಯಿ ಸೀಟಿನಿಂದ ಬಾಗಿ ನೋಡುತ್ತಿದ್ದಳು. ಆ ಕಣ್ಣುಗಳೆದುರು ಮಹಾರುದ್ರಪ್ಪ ಇನ್ನೊಮ್ಮೆ ಮೀಸೆ ತೀಡಿದ.

"ಮೂವತ್ತು. ದೊಡ್ಡ ಕಂಪನಿ ನೋಡು, ಕೈಯಾಗ ಕೊಡಂಗಿಲ್ಲ. ಮುಂಬೈದಿಂದ ಮನಿಆರ್ಡರ ಬರ್ತದ."

ಜನ ಹೋ ಎಂದರು. ಕಂಪನಿಯನ್ನೇ ಮಣಿಸಿದವನು ಬಾಯಿ ಸಿಹಿ ಮಾಡಿಸದೆ ಬಿಡುವುದುಂಟೇ ಎಂದು ಬಂಡೆಪ್ಪ ಅವನನ್ನು ಹಲವಾಯಿಯ ಅಂಗಡಿಗೆ ಎಳೆದೊಯ್ದ. ಮಹಾರುದ್ರಪ್ಪ ಅಲ್ಲಿ ಎರಡು ಸೇರು ಜಿಲೇಬಿಗೆ ಉದ್ರಿ ಹೇಳಬೇಕಾಯಿತು. ತುಳಜಾಬಾಯಿ ಮಾತ್ರ, ತಾನು ಮೋಟಾರಿನಲ್ಲೇ ಇರುತ್ತೇನೆ, ಇಲ್ಲೊಂದು ಸಣ್ಣ ಕೆಲಸವಿದೆ ಎಂದಳು. ಅವನು ಕೇಳಿಸಿಕೊಳ್ಳಲಿಲ್ಲ.

ಹಿಂದಿರುಗುವಾಗ ಮಹಾರುದ್ರಪ್ಪನಿಗೆ ದಾರಿಯೇ ಬೇರೆಯಾಗಿ ಕಂಡಿತು. ಬೆಳಗ್ಗೆ ಇದ್ದ ಮರಗಳೇ ಈಗ ರಸ್ತೆಯ ಕಡೆಗೆ ಒಂದು ಹೆಜ್ಜೆ ಸರಿದು ನಿಂತಿದ್ದವು. ಪ್ರತಿಯೊಂದು ಎಮ್ಮೆಯೂ ಅವನ ಮೋಟಾರಿಗಾಗಿಯೇ ಹುಟ್ಟಿದಂತಿತ್ತು. ಬಿಮಾ ಇಲ್ಲದ ಮೋಟಾರನ್ನು ಅವನು ತುಂಬಿದ ಕೊಡ ಹೊತ್ತ ಬಸುರಿಯಂತೆ ನಡೆಸಿದ. ತುಳಜಾಬಾಯಿ ಎಡಗೈಯ ಹೆಬ್ಬೆರಳನ್ನು ಹೊರಗೆ ಗಾಳಿಗೆ ಹಿಡಿದಿದ್ದಳು. ಶಾಯಿ ಇನ್ನೂ ಆರಿಲ್ಲವೇ ಎಂದುಕೊಂಡ.

ರಾಜೇಶ್ವರ ದಾಟುವಷ್ಟರಲ್ಲಿ ಹುಲ್ಲು ಹೇರಿದ ಎತ್ತಿನ ಬಂಡಿಯೊಂದು ಹಿಂದಿನಿಂದ ಬಂದು ಮೋಟಾರನ್ನು ದಾಟಿ ಮುಂದೆ ಹೋಯಿತು. ಬಂಡಿಯವನು ತಿರುಗಿ, ಏನಾದರೂ ಕೆಟ್ಟಿದೆಯೇ ಎಂದು ಕನಿಕರದಿಂದ ವಿಚಾರಿಸಿದ.

"ರುದ್ರಪ್ಪಾ" ಎಂದ ಬಂಡೆಪ್ಪ, "ಬಿಮಾ ಹೋದ ಕೂಡ್ಲೇ ಜೀವಾನೂ ಹೋತೇನು? ನಾವು ಇಳಿದು ನಡಕೋತ ಹೋಗಿ ಅಡಿಗಿ ಮಾಡಿಡ್ತೇವಿ, ನೀ ಹಿಂದ ಬಾ."

ಹಿಂದಿನವರೆಲ್ಲ ನಕ್ಕರು. ತುಳಜಾಬಾಯಿ ಸೆರಗು ಸರಿಮಾಡಿಕೊಂಡು ಪೂರ್ತಿ ಹಿಂದಕ್ಕೆ ತಿರುಗಿದಳು.

"ನಮ್ಮವ್ರು ಅಂಜಿ ಹೊಡ್ಯಾಕತ್ತಿಲ್ಲ, ಬಂಡೆಪ್ಪಣ್ಣ. ನಿಮ್ಮ ಹೊಟ್ಟ್ಯಾಗಿನ ಜಿಲೇಬಿ ಕುಲುಕಬಾರದಂತ ಹೊಡ್ಯಾಕತ್ತಾರ. ಮೋಟಾರಿಗೆ ಬಿಮಾ ಅದ. ನೀವು ತಿನ್ನಾಕ ಹೋದಾಗ ಕರೀಂ ಭಾಯಿಗೆ ಕರದು, ಮೊದಲಿನ ಕರಾರಿನಂಗ ಮತ್ತ ಹೆಬ್ಬಟ್ಟ ಒತ್ತೀನಿ."

ಮೋಟಾರು ತಾನಾಗಿಯೇ ನಿಂತಿತು. ಮಹಾರುದ್ರಪ್ಪ ಅವಳಿಗಷ್ಟೇ ಕೇಳುವಂತೆ, "ಕಂತು?" ಎಂದ.

"ತಿಂಗಳಿಗೆ ಹತ್ತ ರೀ. ಮೊದಲಿಂದು ತುಪ್ಪ ಮಾರಿದ್ದರಾಗ ನಾನೇ ಕೊಟ್ಟೀನಿ." ಅವಳೂ ದನಿ ತಗ್ಗಿಸಿದಳು. "ಮೂರು ತಿಂಗಳಾದಮ್ಯಾಲ ಮತ್ತ ಬಂದು ರದ್ದು ಮಾಡಸ್ರಿ. ಆ ಮೂವತ್ತಕ್ಕ ಒಂದು ಪಾಟಲಿ, ಈ ಮೂವತ್ತಕ್ಕ ಇನ್ನೊಂದು. ಊರಾಗ ಯಾರಿಗೆ ಬರ್ತದ ಇಂಥಾ ಅಕಲು?"

ಶಾಲೆಯಲ್ಲಿ ಮೊದಲನೆಯವನಾಗಿ ಬಂದ ಮಗನನ್ನು ತಾಯಿ ನೋಡುವ ಹಾಗೆ ಅವಳು ಅವನನ್ನು ನೋಡುತ್ತಿದ್ದಳು. ಆ ನೋಟಕ್ಕೆ ನಿಜ ಹೇಳುವ ಎದೆ ಮಹಾರುದ್ರಪ್ಪನಿಗೆ ಇರಲಿಲ್ಲ. ಬೆನ್ನು ನೆಟ್ಟಗೆ ಮಾಡಿದ. ಭೋಂಪು ಒತ್ತಿದ. ಹಿಂದಿನಿಂದ ಬಂಡೆಪ್ಪ, ಎತ್ತಿನ ಬಂಡಿಗೂ ಬಿಮಾ ಮಾಡುತ್ತಾರೋ ಹೇಗೆ ಎಂದು ಶೇವಂತಾಬಾಯಿಯನ್ನು ಕೇಳುತ್ತಿದ್ದ.

ಮೋಟಾರು ಧೂಳೆಬ್ಬಿಸಿ ಹುಲ್ಲಿನ ಬಂಡಿಯನ್ನು ಹಿಂದೆ ಹಾಕಿತು. ಮೂತಿಯಲ್ಲಿ ನಿಂಬೆಹಣ್ಣು ಜೋಕಾಲಿಯಾಡುತ್ತಿತ್ತು. ಅದೊಂದಕ್ಕೆ ಮಾತ್ರ ಕಂತು ಇರಲಿಲ್ಲ.